3√8 × 2√6 ಲೆಕ್ಕ: 6√48 ಸರಿಯಾ, 24√3 ಸರಿಯಾ?

ಮಾರಾಯ್ರೆ, ಮಗಳು 6√48 ಬರೆದಿದ್ದಾಳೆ, ಪುಸ್ತಕದಲ್ಲಿ 24√3 ಉಂಟು, ಯಾವ್ದು ಸರಿ ಅಂತ ಕೇಳಿದ್ರಲ್ಲ? ಅವಳ 6√48 ತಪ್ಪಲ್ಲ, ಅರ್ಧದಲ್ಲಿ ನಿಂತದ್ದು ಅಷ್ಟೇ, ಪುಸ್ತಕದ 24√3 ಅದೇ ಸಂಖ್ಯೆ. ಹೊರಗಿನದ್ದು ಹೊರಗಿನದ್ದಕ್ಕೆ (3×2), ಒಳಗಿನದ್ದು ಒಳಗಿನದ್ದಕ್ಕೆ (8×6) ಗುಣಿಸಿದ್ದು ಸರಿಯೇ ಉಂಟು, ಇನ್ನು 48ರ ಒಳಗೆ ಅಡಗಿದ ದೊಡ್ಡ ಪೂರ್ಣವರ್ಗ ಹುಡುಕ್ಬೇಕು. 48 ಅಂದ್ರೆ 16×3, 16 ಅಂದ್ರೆ 4×4, ಹಾಗಾಗಿ √48 ಅಂದ್ರೆ 4√3, ಹೊರಗೆ 6 ಇತ್ತಲ್ಲ, 6×4 = 24. 4×12 ಅಂತ ಒಡೆದ್ರೂ ನಡೀತದೆ, ಆದ್ರೆ 2√12 ಬಂದು ಅದನ್ನ ಮತ್ತೆ ಒಡೀಬೇಕು, ಸುಮ್ನೆ ಡಬಲ್ ಕೆಲಸ. ನಾನಾದ್ರೆ ಗುಣಿಸೋ ಮೊದ್ಲೇ √8ನ್ನ 2√2 ಮಾಡ್ತೇನೆ, ಆಗ 6√2 × 2√6 = 12√12, √12 ಅಂದ್ರೆ 2√3, ಅಲ್ಲಿಗೆ ಅದೇ 24√3, ಸಂಖ್ಯೆ ಸಣ್ಣದಿದ್ರೆ ತಲೆ ಬಿಸಿ ಕಮ್ಮಿ.

ಅವಳು √8 + √6 = √14 ಅಂತ ಬರೆದದ್ದು ಮಾತ್ರ ಪೂರಾ ತಪ್ಪು. ಇಲ್ಲಿ ಮಂಗಳೂರಲ್ಲಿ ನನ್ನತ್ರ ಟ್ಯೂಷನ್‌ಗೆ ಬರುವ ಮಕ್ಕಳೂ ಇದೇ ಮಾಡುದು. ಕ್ಯಾಲ್ಕುಲೇಟರಲ್ಲಿ ಒತ್ತಿ ನೋಡ್ಲಿಕ್ಕೆ ಹೇಳಿ, ಎಡಗಡೆ ಸುಮಾರು 5.28, ಬಲಗಡೆ 3.74. ಎರಡು ರೂಟನ್ನ ಒಂದೇ ರೂಟಿನ ಒಳಗೆ ತರ್ಲಿಕ್ಕೆ ಆಗುದು ಗುಣಾಕಾರ, ಭಾಗಾಕಾರದಲ್ಲಿ, ಅದೂ ಒಳಗೆ ಮೈನಸ್ ಇಲ್ಲದಾಗ.