ಹಾಜರಾತಿಯ ಅಂಕಿ ಹೇಳದಿರುವುದು

ಪ್ರಶ್ನೆ: ನಮ್ಮ ಲೋಕಸಭಾ ಸದಸ್ಯರ ಹಾಜರಾತಿ ಶೇ 90ನ್ನು ಮೀರಿದೆ ಎಂದು ಅವರ ಬೆಂಬಲಿಗರು ಹೇಳುತ್ತಾರೆ. ಪಕ್ಕದ ಕ್ಷೇತ್ರದ ಸದಸ್ಯರು ಕೇಂದ್ರ ಸಚಿವರು. ಅವರ ಹೆಸರಿನ ಮುಂದೆ ಹಾಜರಾತಿಯೂ ಇಲ್ಲ, ಪ್ರಶ್ನೆಗಳೂ ಇಲ್ಲ. ಸಂಸತ್ತಿನಲ್ಲಿ ಒಬ್ಬರು ಮಾಡಿದ ಕೆಲಸವನ್ನು ಅಳೆಯುವುದು ಹೇಗೆ?

ಉತ್ತರ: ಸಚಿವರು ಹಾಜರಿ ಹಾಕಬೇಕೆಂಬ ನಿಯಮವಿಲ್ಲ, ಅವರು ಪ್ರಶ್ನೆ ಕೇಳುವವರಲ್ಲ, ಸರ್ಕಾರದ ಪರವಾಗಿ ಉತ್ತರ ಕೊಡುವವರು. ಆ ಖಾಲಿ ಅಂಕಣವನ್ನು ಸೋಮಾರಿತನವೆಂದು ಓದಿದರೆ ಅವರಿಗೆ ಅನ್ಯಾಯವಾಗುತ್ತದೆ. ನಿಮ್ಮ ಸದಸ್ಯರ ಶೇ 90 ಕೂಡ ಅವರು ಅಷ್ಟು ದಿನ ಸದನಕ್ಕೆ ಬಂದಿದ್ದರು ಎಂಬುದನ್ನು ಹೇಳುತ್ತದೆಯೇ ಹೊರತು, ಬಂದು ಏನು ಮಾಡಿದರು ಎಂಬುದನ್ನಲ್ಲ.

ಪ್ರಶ್ನೆಗಳ ಸಂಖ್ಯೆಯನ್ನೂ ಎಚ್ಚರದಿಂದ ನೋಡಬೇಕು. ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆಗಳಿಗೆ, ಅಂದರೆ ಸಚಿವರು ಸದನದಲ್ಲಿ ಮೌಖಿಕವಾಗಿ ಉತ್ತರಿಸಬೇಕಾದ ಪ್ರಶ್ನೆಗಳಿಗೆ, ಮಾತ್ರ ಅವಕಾಶವಿದ್ದು, ಅವುಗಳ ಆಯ್ಕೆ ಚೀಟಿ ಎತ್ತಿದಂತೆ ಅದೃಷ್ಟವನ್ನು ಅವಲಂಬಿಸಿರುತ್ತದೆ. ಸಚಿವರನ್ನು ಎದುರಿಗೇ ಉಪಪ್ರಶ್ನೆಗಳಿಂದ ಕೆದಕಲು ಸಾಧ್ಯವಾಗುವುದು ಇವುಗಳಲ್ಲೇ. ಉಳಿದ 230ರವರೆಗಿನ ಪ್ರಶ್ನೆಗಳಿಗೆ ಲಿಖಿತ ಉತ್ತರ ಬರುತ್ತದೆ. ಹಾಗಾಗಿ ಎಷ್ಟು ಕೇಳಿದರು ಎಂಬುದಕ್ಕಿಂತ ಏನು ಕೇಳಿದರು ಎಂಬುದೇ ಮುಖ್ಯ. ಯೋಜನೆಯೊಂದರ ವಿವರ ಕೊಡಿ ಎಂದು ಸುಮ್ಮನೆ ಕೇಳುವುದಕ್ಕೂ, ಅದಕ್ಕೆ ಮಂಜೂರಾದ ಹಣ ಎಷ್ಟು, ಖರ್ಚಾದದ್ದೆಷ್ಟು, ಉಳಿದದ್ದು ಏಕೆ ಉಳಿಯಿತು ಎಂದು ಕೇಳಿ, ಉತ್ತರ ತೃಪ್ತಿ ಕೊಡದಿದ್ದಾಗ ಮುಂದಿನ ಅಧಿವೇಶನದಲ್ಲಿ ಮತ್ತೆ ಅದೇ ಎಳೆಯನ್ನು ಹಿಡಿಯುವುದಕ್ಕೂ ಬಹಳ ಅಂತರವಿದೆ. ನನ್ನ ದೃಷ್ಟಿಯಲ್ಲಿ ಸಂಸದರ ಶ್ರದ್ಧೆಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

ಖಾಸಗಿ ಮಸೂದೆ, ಅಂದರೆ ಸಚಿವರಲ್ಲದ ಸದಸ್ಯರು ಮಂಡಿಸುವ ಮಸೂದೆ, ಕಾಯ್ದೆಯಾಗಲಿಲ್ಲವೆಂದು ಯಾರನ್ನೂ ದೂರಬೇಡಿ. 1970ರ ನಂತರ ಅಂಥ ಒಂದೂ ಕಾಯ್ದೆಯಾಗಿಲ್ಲ. ಆದರೂ ತೃತೀಯಲಿಂಗಿಗಳ ಹಕ್ಕುಗಳ ಕುರಿತು ಡಿಎಂಕೆಯ ರಾಜ್ಯಸಭಾ ಸದಸ್ಯ ತಿರುಚ್ಚಿ ಶಿವ ಅವರು ಮಂಡಿಸಿದ ಖಾಸಗಿ ಮಸೂದೆಯನ್ನು ರಾಜ್ಯಸಭೆ 2015ರಲ್ಲಿ ಅಂಗೀಕರಿಸಿತು; ಆ ವಿಷಯದಲ್ಲಿ ಸರ್ಕಾರದ್ದೇ ಕಾಯ್ದೆ 2019ರಲ್ಲಿ ಬಂತು. ಮತದಾನದ ದಾಖಲೆಯಿಂದಲೂ ಹೆಚ್ಚು ತಿಳಿಯದು: ಬಹುಪಾಲು ಮಸೂದೆಗಳು ಧ್ವನಿಮತದಿಂದ ಅಂಗೀಕಾರವಾಗುತ್ತವೆ, ಮತ ವಿಭಜನೆಯಾದರೂ ಹೀಗೇ ಮತ ಹಾಕಬೇಕೆಂಬ ಪಕ್ಷದ ಆದೇಶವಾದ ವಿಪ್ ಮೀರಿದವರು ಪಕ್ಷಾಂತರ ನಿಷೇಧ ಕಾಯ್ದೆಯಡಿ ಸದಸ್ಯತ್ವ ಕಳೆದುಕೊಳ್ಳಬಹುದು.

ಯಾರೂ ಗಮನಿಸದ ಜಾಗವೆಂದರೆ ಇಲಾಖಾವಾರು ಸ್ಥಾಯಿ ಸಮಿತಿಗಳು. ಇಂಥ 24 ಸಮಿತಿಗಳು ಇಲಾಖೆಗಳ ಅನುದಾನ ಬೇಡಿಕೆಗಳನ್ನೂ ತಮಗೆ ಒಪ್ಪಿಸಿದ ಮಸೂದೆಗಳನ್ನೂ ಬಾಗಿಲು ಮುಚ್ಚಿದ ಸಭೆಗಳಲ್ಲಿ ಪರಿಶೀಲಿಸುತ್ತವೆ. ಕ್ಯಾಮೆರಾ ಇಲ್ಲದ ಆ ಕೋಣೆಗೆ ನಿಮ್ಮ ಸದಸ್ಯರು ಎಷ್ಟು ಬಾರಿ ಹೋಗಿದ್ದರು ಎಂಬುದನ್ನು, ಸಮಿತಿಯ ವರದಿಯ ಕೊನೆಯಲ್ಲಿ ಸೇರಿಸಿರುವ ಸಭಾ ನಡವಳಿಗಳಲ್ಲಿ ಹಾಜರಿದ್ದವರ ಹೆಸರು ನೋಡಿ ತಿಳಿಯಬಹುದು.