ಅರ್ಥವಾಗದ ಉಪನ್ಯಾಸಕ್ಕೆ ಮತ್ತೆ ಹೋಗಬೇಕೇ? – ಸಂಪಾದಕರ ಉತ್ತರ

ನಿಮ್ಮ ಪತ್ರ ಓದಿ ಖುಷಿಯಾಯಿತು. ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗದಲ್ಲಿ ಬ್ರಹ್ಮಾಂಡ ಹಿಗ್ಗುವ ವೇಗದ ಬಗ್ಗೆ ನಡೆದ ಸಂಶೋಧನಾ ಉಪನ್ಯಾಸಕ್ಕೆ ಹೋಗಿದ್ದಿರಿ. ಮೊದಲ ಹತ್ತು ನಿಮಿಷ ಅರ್ಥವಾಯಿತು, ಆಮೇಲೆ ಬರೀ ಗ್ರಾಫು, ತಲೆಬುಡ ತಿಳಿಯಲಿಲ್ಲ, ಪ್ರಶ್ನೋತ್ತರಕ್ಕೂ ಕಾಯದೆ ಎದ್ದು ಬಂದೆ ಎಂದಿದ್ದೀರಿ. ಬಿ.ಎಸ್‌ಸಿ. ಓದುವವರಿಗೆ ಅಲ್ಲಿ ಏನು ಕೆಲಸ ಅಂತ ಕೇಳಿದ್ದೀರಿ.

ಕೆಲಸ ಇದೆ. ದಯವಿಟ್ಟು ಮತ್ತೆ ಹೋಗಿ.

ಹತ್ತು ನಿಮಿಷ ಅರ್ಥವಾಗಿದ್ದೇನೂ ಕಡಿಮೆಯಲ್ಲ. ಬೇರೆ ಶಾಖೆಯ ಪ್ರಾಧ್ಯಾಪಕರಿಗೂ ಅರ್ಧಕ್ಕೆ ಹಿಡಿತ ತಪ್ಪುವುದು ಮಾಮೂಲು. ತರಗತಿಯಲ್ಲಿ ತೀರ್ಮಾನವಾದ ವಿಷಯ ಹೇಳಿಕೊಡುತ್ತಾರೆ. ಇಲ್ಲಿ ಇನ್ನೂ ತೀರ್ಮಾನವಾಗದ್ದನ್ನು ಬಲ್ಲವರ ಮುಂದೆ ಇಡುತ್ತಾರೆ. 2011ರ ಸೆಪ್ಟೆಂಬರ್ 23ರಂದು ಜಿನೀವಾ ಬಳಿಯ ಕಣ ಭೌತಶಾಸ್ತ್ರ ಪ್ರಯೋಗಾಲಯ ಸರ್ನ್‌ನಲ್ಲಿ ಇಂಥದ್ದೇ ಒಂದು ಸೆಮಿನಾರ್ ನಡೆಯಿತು. ಅಲ್ಲಿಂದ ಹೊರಟ ನ್ಯೂಟ್ರಿನೊ ಎಂಬ ಅತಿ ಹಗುರ ಕಣಗಳು ಸುಮಾರು 730 ಕಿ.ಮೀ. ದೂರದ ಇಟಲಿಯ ಗ್ರಾನ್ ಸಾಸೊ ಪ್ರಯೋಗಾಲಯವನ್ನು ಬೆಳಕಿಗಿಂತ 60 ನ್ಯಾನೊಸೆಕೆಂಡ್ ಮೊದಲೇ ಮುಟ್ಟಿದಂತೆ ಕಾಣುತ್ತಿತ್ತು. ಬೆಳಕಿಗಿಂತ ವೇಗವಾಗಿ ಯಾವುದೂ ಹೋಗಲಾರದು ಎನ್ನುವುದು ಐನ್‌ಸ್ಟೈನ್ ಸಿದ್ಧಾಂತ. ಆದರೂ ಈ ಪ್ರಯೋಗ ನಡೆಸಿದ ಒಪೆರಾ ತಂಡದವರು ಐನ್‌ಸ್ಟೈನ್ ಸೋತರು ಅಂತ ಸಾರಲಿಲ್ಲ. ಲೆಕ್ಕವನ್ನೆಲ್ಲ ತೆರೆದಿಟ್ಟು, ನೀವೂ ಪರೀಕ್ಷಿಸಿ ನೋಡಿ ಎಂದರು. ಮರುವರ್ಷ ಕಾರಣ ಸಿಕ್ಕಿತು. ಒಂದು ಫೈಬರ್ ಕೇಬಲ್ ಸರಿಯಾಗಿ ಕೂತಿರದೆ ಸಮಯದ ಲೆಕ್ಕ ತಪ್ಪಿತ್ತು. ಆ ಸೆಮಿನಾರ್ ವ್ಯರ್ಥವಾಯಿತು ಅಂತ ನನಗೆ ಯಾವತ್ತೂ ಅನ್ನಿಸಿಲ್ಲ. ವಿಜ್ಞಾನ ನಡೆಯುವುದೇ ಹೀಗೆ ಅಲ್ವಾ?

ಈಗ ನಿಮ್ಮನ್ನು ಎಬ್ಬಿಸಿ ಕಳಿಸಿದ ಆ ಗ್ರಾಫಿಗೆ ಬರೋಣ. ನೀವು ಪತ್ರದಲ್ಲಿ ಗೀಚಿ ಕಳಿಸಿದ್ದರಲ್ಲೇ ಇಡೀ ಜಗಳ ಇದೆ. ಬ್ರಹ್ಮಾಂಡ ಹಿಗ್ಗುವ ವೇಗಕ್ಕೆ ಎರಡು ಉತ್ತರ: ಒಂದು ಚುಕ್ಕೆ 67ರ ಹತ್ತಿರ, ಇನ್ನೊಂದು 73ರ ಹತ್ತಿರ. ಒಂದು ಮೆಗಾಪಾರ್ಸೆಕ್, ಅಂದರೆ ಸುಮಾರು 32.6 ಲಕ್ಷ ಜ್ಯೋತಿರ್ವರ್ಷ ದೂರ ಹೆಚ್ಚಾದಂತೆಲ್ಲ ಗೆಲಾಕ್ಸಿಗಳು ನಮ್ಮಿಂದ ಸೆಕೆಂಡಿಗೆ ಎಷ್ಟು ಕಿ.ಮೀ. ಜಾಸ್ತಿ ವೇಗದಲ್ಲಿ ದೂರವಾಗುತ್ತಿವೆ ಎಂಬ ಲೆಕ್ಕ ಅದು. 67 ಬಂದಿದ್ದು ಬ್ರಹ್ಮಾಂಡದ ಅತಿ ಹಳೆಯ ಬೆಳಕನ್ನು ಅಳೆದ ಪ್ಲಾಂಕ್ ಉಪಗ್ರಹದ ಮಾಹಿತಿಯಿಂದ. 73 ಬಂದಿದ್ದು ಬೆಳಕು ಏರಿಳಿಯುವ ಸೆಫೀಡ್ ನಕ್ಷತ್ರಗಳು ಮತ್ತು ಸಿಡಿದ ನಕ್ಷತ್ರಗಳಾದ ಸೂಪರ್‌ನೋವಾಗಳಿಂದ. ಸೆಫೀಡ್ ಮಿನುಗುವ ಅವಧಿ ಗೊತ್ತಾದರೆ ಅದರ ನಿಜವಾದ ಪ್ರಕಾಶ ಗೊತ್ತಾಗುತ್ತದೆ, ಅದರಿಂದ ದೂರ. ಆ ನಂಟನ್ನು ಕಂಡುಹಿಡಿದವರು ಖಗೋಳ ವಿಜ್ಞಾನಿ ಹೆನ್ರಿಯೆಟಾ ಲೆವಿಟ್. ಅವರ ಸೂತ್ರವೇ ಇವತ್ತಿನ ಜಗಳಕ್ಕೂ ಆಧಾರ.

ಪ್ರತಿ ಚುಕ್ಕೆಯ ಮೇಲೆ ಕೆಳಗೆ ಮೀಸೆಯಂತೆ ಚಾಚಿದ ಗೆರೆ ಇತ್ತಲ್ಲ, ಅದು ಎರರ್ ಬಾರ್. ಅಳತೆ ಎಷ್ಟರ ಮಟ್ಟಿಗೆ ಆಚೀಚೆ ಇರಬಹುದು ಎಂದು ಅಳೆದವರೇ ಒಪ್ಪಿಕೊಳ್ಳುವ ಜಾಗ. ಮೊದಲು ಈ ಗೆರೆಗಳು ಉದ್ದ ಇದ್ದವು, ಒಂದನ್ನೊಂದು ಮುಟ್ಟುತ್ತಿದ್ದವು. ಅಳತೆ ಸುಧಾರಿಸಿ ಗೆರೆ ಗಿಡ್ಡವಾದವು, ನಡುವೆ ಅಂತರ ಬಿತ್ತು. ಹಬಲ್ ದೂರದರ್ಶಕ ನಕ್ಷತ್ರಗಳ ಗುಂಪಿನಲ್ಲಿ ಸೆಫೀಡನ್ನು ತಪ್ಪಾಗಿ ಅಳೆಯಿತೇನೋ ಎಂಬ ಅನುಮಾನ ಇತ್ತು. ಜೇಮ್ಸ್ ವೆಬ್ ದೂರದರ್ಶಕ ಅದೇ ನಕ್ಷತ್ರಗಳನ್ನು ಇನ್ನೂ ಸ್ಪಷ್ಟವಾಗಿ ನೋಡಿದರೂ ಅಂತರ ಹೋಗಲಿಲ್ಲ. ಬೇರೆ ಬಗೆಯ ನಕ್ಷತ್ರಗಳನ್ನೂ ಹಿಡಿದ ಇನ್ನೊಂದು ತಂಡಕ್ಕೆ ಮಾತ್ರ 70ರ ಆಸುಪಾಸಿನ ಉತ್ತರ ಬಂದಿದೆ. ಹಾಗಾಗಿ ತಪ್ಪಿರುವುದು ಅಳತೆಯಲ್ಲೋ, ನಮ್ಮ ಸಿದ್ಧಾಂತದಲ್ಲೋ ಇನ್ನೂ ಇತ್ಯರ್ಥವಾಗಿಲ್ಲ.

ಮುಂದಿನ ಸಲ ಸಮೀಕರಣ ಬಿಟ್ಟುಬಿಡಿ, ಎರರ್ ಬಾರ್ ನೋಡಿ. ಕೊಲೋಕ್ವಿಯಂ ಎಂದು ಹಾಕಿದ್ದರೆ ಅದನ್ನೇ ಆರಿಸಿಕೊಳ್ಳಿ. ಅದು ಇಡೀ ವಿಭಾಗಕ್ಕಾಗಿ ನಡೆಯುವುದು, ಸೆಮಿನಾರ್‌ಗಿಂತ ಸುಲಭ. ಪ್ರಶ್ನೋತ್ತರ ಮುಗಿಯುವ ತನಕ ಏಳಬೇಡಿ. ಎದುರು ಸಾಲಿನವರು ಒಂದೇ ಸ್ಲೈಡಿಗೆ ಮತ್ತೆ ಮತ್ತೆ ವಾಪಸ್ ಹೋಗಿ ಅಂದರೆ, ಅನುಮಾನ ಅಲ್ಲೇ ಇದೆ ಅಂತ ತಿಳಿಯಿರಿ.

ಪ್ರಶ್ನೆ ಕೇಳಲು ಸಂಕೋಚ ಅಂದಿದ್ದೀರಿ. "ಈ ಅಳತೆ ತಪ್ಪಾಗಿದ್ದರೆ, ಎಲ್ಲಿ ತಪ್ಪಿರುವ ಸಾಧ್ಯತೆ ಹೆಚ್ಚು?" ಇದಿಷ್ಟನ್ನೇ ಕೇಳಿ. ಯಾವ ಉಪನ್ಯಾಸಕ್ಕೂ ಹೊಂದುತ್ತದೆ. ಏನು ಉತ್ತರ ಬಂತು ಅಂತ ನಮಗೂ ಬರೆಯಿರಿ, ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ.