ಅಲುಗುವ ಸ್ವರ, ಮಂಕಾದ ಚಕ್ರತಾಳ
ಕುಂಬಳೆಯ ಮಿತ್ರರೇ, ಹಳೆಯ ತಾಳಮದ್ದಳೆ ಕ್ಯಾಸೆಟ್ಟಲ್ಲಿ ಭಾಗವತರ ಸ್ವರ ಅಲುಗುತ್ತದೆ, ಚಕ್ರತಾಳ (ಭಾಗವತಿಕೆಯ ಜೊತೆಗಿನ ಲೋಹದ ತಾಳ) ಮಂಕು, ಕಂಪ್ಯೂಟರಿಗೆ ಏರಿಸುವ ಮೊದಲು ಏನು ಮಾಡಲಿ ಎಂದಿದ್ದೀರಿ. ಇವು ಎರಡು ಬೇರೆ ದೋಷಗಳು. ಅಲುಗಾಟಕ್ಕೆ ಹೆಚ್ಚಾಗಿ ಕ್ಯಾಸೆಟ್ ಡೆಕ್ಕಿನ ಸಡಿಲವಾದ ಬೆಲ್ಟ್ ಅಥವಾ ಗಟ್ಟಿಯಾಗಿ ಹೊಳಪು ಬಂದ ಪಿಂಚ್ ರೋಲರ್ (ಟೇಪನ್ನು ಒತ್ತಿ ಎಳೆಯುವ ರಬ್ಬರ್ ಉರುಳೆ) ಕಾರಣ; ಬೆಲ್ಟ್ ಬದಲಿಸಿ, ರೋಲರನ್ನು ಸೋಪುನೀರಲ್ಲಿ ಒರೆಸಿ ಒಣಗಿಸಿ.

ಮಂಕಿಗೆ ಮೊದಲ ಅನುಮಾನ ಟೇಪಿನಿಂದ ಸ್ವರ ಓದುವ ಹೆಡ್ ಮೇಲೆ. 99% ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ. ಆಗದಿದ್ದರೆ ಡಾಲ್ಬಿ (ಟೇಪಿನ ಗುಸುಗುಸು ತಗ್ಗಿಸುವ ಸ್ವಿಚ್) ಆಫ್ ಮಾಡಿ, ಎರಡೂ ಚಾನೆಲ್ ಸೇರಿಸಿ ಮೊನೊದಲ್ಲಿ ಕೇಳುತ್ತಾ, ಹೆಡ್ಡಿನ ಓರೆ ಸರಿಪಡಿಸುವ, ಅದರ ಪಕ್ಕದ ಸ್ಪ್ರಿಂಗ್ ಸ್ಕ್ರೂವನ್ನು ಕೂದಲೆಳೆಯಷ್ಟೇ ತಿರುಗಿಸಿ. ಚಕ್ರತಾಳ ಅತ್ಯಂತ ಚುರುಕಾಗಿ ಕೇಳುವಲ್ಲಿ ನಿಲ್ಲಿಸಿ. ಸ್ಕ್ರೂಡ್ರೈವರಿಗೆ ಅಯಸ್ಕಾಂತ ಇರಬಾರದು.

ನಮ್ಮ ಮಳೆಗಾಲದಲ್ಲಿ ಬೂಸ್ಟು ಹಿಡಿದ ಟೇಪನ್ನು ಮಾತ್ರ ಹಾಗೇ ಹಾಕಬೇಡಿ, ಹೆಡ್ ಮತ್ತೆ ಕೊಳೆಯಾಗುತ್ತದೆ. ಏರಿಸುವಾಗ ಡೆಕ್ಕಿನ ಲೈನ್ ಔಟನ್ನು ಕಂಪ್ಯೂಟರಿನ ಲೈನ್ ಇನ್‌ಗೇ ಕೊಡಿ. ಮೈಕ್ ಕಿಂಡಿಗೆ ಕೊಟ್ಟರೆ ಚೆಂಡೆ ಒಡೆದು ಕೇಳುತ್ತದೆ.